ನನ್ನ ಟ್ಯಾಂಕಿಗೆ ಒಪ್ಪಿದ ಸ್ಕಿಮ್ಮರ್

ನನ್ನ ರೀಫ್ ಟ್ಯಾಂಕ್ (ಹವಳ, ಮೀನು ಸಾಕುವ ಉಪ್ಪುನೀರಿನ ತೊಟ್ಟಿ) 120 ಸೆಂ.ಮೀ. ಉದ್ದ, 50 ಅಗಲ, 50 ಎತ್ತರ. ಅಂದರೆ 300 ಲೀಟರ್. ಸ್ಕಿಮ್ಮರ್ ಅಂದರೆ ಗಾಳಿಗುಳ್ಳೆ ಬಿಟ್ಟು ನೀರಿನ ಕೊಳೆಯನ್ನು ನೊರೆಯಾಗಿಸಿ, ಕುತ್ತಿಗೆಯಂಥ ಕೊಳವೆಯಲ್ಲಿ ಏರಿಸಿ ಮೇಲಿನ ಕಪ್ಪಿಗೆ ತುಂಬುವ ಯಂತ್ರ. ಅದು ದೊಡ್ಡದಿದ್ದಷ್ಟೂ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಿದ್ದರು. ನಾನೂ ನಂಬಿ, ಡಬ್ಬಿಯ ಮೇಲೆ 1000 ಲೀಟರ್ ಎಂದು ಬರೆದಿದ್ದ ಒಂದನ್ನು ತಂದು ಸಂಪ್‌ನಲ್ಲಿ (ಟ್ಯಾಂಕಿನ ಕೆಳಗೆ ಕ್ಯಾಬಿನೆಟ್‌ನಲ್ಲಿರುವ ಎರಡನೇ ತೊಟ್ಟಿ) ಕೂರಿಸಿದೆ.

ಹೊಸ ಸ್ಕಿಮ್ಮರ್ ಪಳಗೋದಕ್ಕೆ ಒಂದೆರಡು ವಾರ ಬೇಕು. ಒಳಗಿನ ಜಿಡ್ಡು ಹೋಗುವ ತನಕ ನೊರೆ ಗಟ್ಟಿಯಾಗಿ ನಿಲ್ಲುವುದಿಲ್ಲ. ಹಾಗಾಗಿ ಸುಮ್ನೆ ಕಾದೆ. ತಿಂಗಳು ಕಳೆದರೂ ಕಪ್ ಒಣಗಿಯೇ ಇತ್ತು. ಒಂದು ರಾತ್ರಿ ಟಾರ್ಚ್ ಹಿಡಿದು ಅದರ ಮುಂದೆ ಕುಳಿತೆ. ಬಿಳಿ ನೊರೆ ಕುತ್ತಿಗೆಯ ಅರ್ಧದ ತನಕ ಏರುತ್ತಿತ್ತು, ಗುಳ್ಳೆಗಳು ಒಂದೊಂದಾಗಿ ಒಡೆಯುತ್ತಿದ್ದವು, ಮತ್ತೆ ಕೆಳಗೆ ಕುಸಿಯುತ್ತಿತ್ತು. ಒಳಗಿನ ನೀರಿನ ಮಟ್ಟ ಏರಿಸಿದರೆ ಕಪ್ಪಿಗೆ ಬರುತ್ತಿದ್ದದ್ದು ಬರೀ ತಿಳಿ ಉಪ್ಪುನೀರು.

ಯಂತ್ರ ಕೆಟ್ಟಿರಲಿಲ್ಲ. ಅದಕ್ಕೆ ಸಾಲುವಷ್ಟು ಕೊಳೆ ನನ್ನ ನೀರಿನಲ್ಲಿ ಇರಲಿಲ್ಲ. ಮೀನಿನ ಹಿಕ್ಕೆ, ಉಳಿದ ಆಹಾರ, ಹವಳ ಬಿಡುವ ಲೋಳೆ, ಇವುಗಳಿಂದ ಬರುವ ಪ್ರೋಟೀನ್‌ನಂಥ ವಸ್ತುಗಳು ಗಾಳಿಗುಳ್ಳೆಯ ಮೈಗೆ ಅಂಟಿಕೊಳ್ಳುತ್ತವೆ. ಆ ಅಂಟಿನಿಂದಲೇ ಗುಳ್ಳೆ ಒಡೆಯದೆ ಒಂದರ ಮೇಲೊಂದು ಏರಿ ಕಪ್ ತನಕ ಬರೋದು. ಕುತ್ತಿಗೆ ಅಗಲವಾದಷ್ಟೂ ಅದನ್ನು ತುಂಬಿಸಲು ಹೆಚ್ಚು ಕೊಳೆ ಬೇಕು. ನನ್ನ ಹತ್ತಿರ ಇದ್ದದ್ದು ಆರು ಚಿಕ್ಕ ಮೀನು, ದಿನಕ್ಕೊಂದು ಹೊತ್ತಿನ ಊಟ. ಅಷ್ಟಕ್ಕೆ ಆ ಕುತ್ತಿಗೆ ತೀರಾ ದೊಡ್ಡದು.

ಎರಡನೇ ಸ್ಕಿಮ್ಮರ್ ಕೊಳ್ಳಲು ಲೆಕ್ಕ ಹಾಕಿಯೇ ಹೊರಟೆ. ಮೊದಲು ನಿಜವಾದ ನೀರು ಎಷ್ಟು ಎಂದು ನೋಡಿದೆ. ಟ್ಯಾಂಕ್ ಅಂಚಿನ ತನಕ ತುಂಬಿರುವುದಿಲ್ಲ, ಕಲ್ಲು ಮರಳು ಒಂದಷ್ಟು ಜಾಗ ತಿನ್ನುತ್ತವೆ, ಸಂಪ್‌ನ ನೀರು ಸೇರುತ್ತದೆ. ನನಗೆ ಸುಮಾರು 280 ಲೀಟರ್ ಬಂತು. ಆದರೆ ನಿರ್ಧಾರ ಮಾಡಬೇಕಾದದ್ದು ಲೀಟರ್ ಅಲ್ಲ, ದಿನಾ ನಾವು ಒಳಗೆ ಹಾಕುವ ಆಹಾರ. ಒಂದೇ ಅಳತೆಯ ಎರಡು ಟ್ಯಾಂಕ್ ಇಟ್ಟುಕೊಳ್ಳಿ. ಒಂದರಲ್ಲಿ ಬರೀ ಹವಳ, ಎರಡು ಮೀನು. ಇನ್ನೊಂದರಲ್ಲಿ ಮೂರು ಹೊತ್ತು ಮೇಯುವ ಟ್ಯಾಂಗ್ ಮೀನುಗಳು. ಎರಡಕ್ಕೂ ಒಂದೇ ಸ್ಕಿಮ್ಮರ್ ಹೇಗೆ ಒಪ್ಪುತ್ತದೆ, ಅಲ್ವಾ?

ಡಬ್ಬಿಯ ಮೇಲಿನ ದೊಡ್ಡ ಅಂಕಿ ಎಷ್ಟೋ ಸಲ ಮೀನು ಕಡಿಮೆ ಇರುವ ಟ್ಯಾಂಕಿನದು. ಕೆಲವು ಕಂಪನಿಗಳು ಹಗುರ, ಮಧ್ಯಮ, ಭಾರಿ ಬಯೋಲೋಡ್ (ಮೀನು, ಆಹಾರದಿಂದ ಬರುವ ಕೊಳೆಯ ಹೊರೆ) ಎಂದು ಮೂರು ಅಂಕಿ ಬೇರೆ ಬೇರೆ ಕೊಡುತ್ತವೆ. ನಾನು ಮಧ್ಯಮದ ಅಂಕಿ ನನ್ನ 280ಕ್ಕಿಂತ ಸ್ವಲ್ಪವೇ ಜಾಸ್ತಿ ಇರುವುದನ್ನು ಆರಿಸಿದೆ. ಹಾಗೆಂದು ತೀರಾ ಚಿಕ್ಕದೂ ಬೇಡ. ಕೊಳೆ ತೆಗೆದು ಮುಗಿಯುವುದೇ ಇಲ್ಲ, ಉಳಿದದ್ದು ಕೊಳೆತು ನೈಟ್ರೇಟ್ ಆಗುತ್ತದೆ. ಹಾಗೆ ಆದ ನೈಟ್ರೇಟನ್ನು ಸ್ಕಿಮ್ಮರ್ ತೆಗೆಯಲಾರದು.

ಸಂಪ್‌ನ ಅಳತೆ ತೆಗೆಯಲು ಮರೆಯಬೇಡಿ. ಬುಡ ಹಿಡಿಸಿದರೆ ಸಾಲದು, ಕಪ್ಪನ್ನು ಮೇಲೆತ್ತಿ ಹೊರತೆಗೆಯಲು ಕ್ಯಾಬಿನೆಟ್‌ನಲ್ಲಿ ಜಾಗ ಬೇಕು. ನೀರಿನ ಆಳವನ್ನೂ ನೋಡಿ. ನನ್ನದಕ್ಕೆ 18ರಿಂದ 20 ಸೆಂ.ಮೀ. ಬೇಕು. ನನ್ನ ಸಂಪ್‌ನಲ್ಲಿ 23 ಇತ್ತು, ಹಾಗಾಗಿ ಕೆಳಗೆ 4 ಸೆಂ.ಮೀ. ಎತ್ತರದ ಅಕ್ರಿಲಿಕ್ ಪೀಠ ಇಟ್ಟೆ. ನೀರು ಆವಿಯಾಗಿ ಮಟ್ಟ ಇಳಿದರೂ ನೊರೆ ಇಳಿಯುತ್ತದೆ. ಆವಿಯಾದಷ್ಟು ನೀರನ್ನು ತಾನಾಗಿ ತುಂಬುವ ಆಟೋ ಟಾಪ್ ಆಫ್ ಹಾಕಿದ ಮೇಲೆ ಆ ತೊಂದರೆ ಹೋಯಿತು.

ಹೊಸದನ್ನು ಕೂರಿಸಿದ ಹತ್ತನೇ ದಿನ ಕುತ್ತಿಗೆಯ ಒಳಗೋಡೆಗೆ ಕಂದು ಕೆಸರಿನ ಉಂಗುರ ಕಟ್ಟಿತ್ತು. ಕಪ್ಪಿನ ತಳದಲ್ಲಿ ಒಂದು ಬೆರಳಿನಷ್ಟು ಹಸಿರು ಕಂದು ನೀರು, ಮೂಗು ಮುಚ್ಚುವಂಥ ವಾಸನೆ. ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಮೀನಿಗೆ ಎಣ್ಣೆ ಅಂಶದ ಆಹಾರ ಹಾಕಿದಾಗ ಈಗಲೂ ನೊರೆ ಕೆಲವು ಗಂಟೆ ಕುಸಿಯುತ್ತದೆ, ಆಮೇಲೆ ತಾನಾಗಿ ಏರುತ್ತದೆ. ಆಗ ನಾನು ಸ್ಕಿಮ್ಮರ್ ಮುಟ್ಟಲು ಹೋಗುವುದಿಲ್ಲ. ನಾಲ್ಕು ದಿನಕ್ಕೊಮ್ಮೆ ಕಪ್ ಖಾಲಿ ಮಾಡಿ ಕುತ್ತಿಗೆ ಒರೆಸುತ್ತೇನೆ. ಈಚೆಗೆ ಇನ್ನೆರಡು ಮೀನು ಬಿಟ್ಟಿದ್ದೇನೆ, ಮೂರನೇ ದಿನಕ್ಕೇ ತುಂಬುತ್ತಿದೆ.