ಈಸ್ಟ್ ಸ್ಯಾನ್ ಹೋಸೆಯಲ್ಲಿ ಸ್ಕಾಲರ್‌ಶಿಪ್ ಅರ್ಜಿ ತುಂಬಿಸಿದ ನನ್ನ ಅನುಭವ

ಕ್ಯಾಲಿಫೋರ್ನಿಯಾದ ಲೈಬ್ರರಿಯೊಂದರಲ್ಲಿ ಮಕ್ಕಳಿಗೆ ಕಾಲೇಜು ಸ್ಕಾಲರ್‌ಶಿಪ್ ಅರ್ಜಿ ತುಂಬಿಸಲು ಕೂತ ಮೊದಲ ದಿನವೇ ಅರ್ಜಿ ಹೆಸರಿನ ಕಾಲಂ ಹತ್ತಿರ ನಿಂತುಬಿಟ್ಟಿತು.

ಎದುರಿಗೆ ಹನ್ನೆರಡನೇ ಕ್ಲಾಸಿನ ಹುಡುಗಿ, ಪಕ್ಕದಲ್ಲಿ ಅವಳ ಅಮ್ಮ. ಮೆಕ್ಸಿಕೋ ಮೂಲದ ಕುಟುಂಬ. ಅವರ ಪದ್ಧತಿಯಂತೆ ಹುಡುಗಿಗೆ ಎರಡು ಸರ್‌ನೇಮ್. ಒಂದು ಅಪ್ಪನ ಕಡೆಯದು, ಇನ್ನೊಂದು ಅಮ್ಮನ ಕಡೆಯದು. ಶಾಲೆಯವರು ಎರಡನೆಯದನ್ನು ಎಂದೋ ಕೈಬಿಟ್ಟಿದ್ದರು. ಸರ್ಕಾರ ಕೊಡುವ ಗುರುತಿನ ನಂಬರಿನ ಕಾರ್ಡು, ಅಂದರೆ ಸೋಷಿಯಲ್ ಸೆಕ್ಯೂರಿಟಿ ಕಾರ್ಡಿನಲ್ಲಿ ಮಾತ್ರ ಎರಡೂ ಇದ್ದವು. ಹಿಂದಿನ ವಾರ ಅವಳು ಶಾಲೆಯಲ್ಲಿ ಇರುವ ಹಾಗೆ ಟೈಪ್ ಮಾಡಿದ್ದಳು. ಹೆಸರು ಹೊಂದುತ್ತಿಲ್ಲ ಅಂತ ಅರ್ಜಿ ಸಿಕ್ಕಿಹಾಕಿಕೊಂಡಿತ್ತು.

ನನಗೆ ನಗು ತಡೆಯಲಾಗಲಿಲ್ಲ. ನಾನು ಹಿರಿಯೂರಿನ ಕಡೆಯವಳು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ನನ್ನ ಹೆಸರಿಗೆ ಎರಡು ಇನಿಷಿಯಲ್, ಊರಿನದೊಂದು, ಅಪ್ಪನದೊಂದು. ಪಾಸ್‌ಪೋರ್ಟ್ ಮಾಡಿಸುವಾಗ ಅವನ್ನು ಬಿಡಿಸಿ ಬರೆದರು. ಅಮೆರಿಕಕ್ಕೆ ಬಂದು ನೋಡಿದರೆ ನಮ್ಮ ಹಳ್ಳಿಯೇ ನನ್ನ ಸರ್‌ನೇಮ್! ಬ್ಯಾಂಕಿನವರು ಹಳ್ಳಿಯ ಹೆಸರು ಹಿಡಿದು ಮೇಡಂ ಅಂತ ಕರೆಯುತ್ತಿದ್ದರು. ಇದನ್ನು ಹುಡುಗಿ ಸ್ಪ್ಯಾನಿಷ್‌ನಲ್ಲಿ ಅಮ್ಮನಿಗೆ ಹೇಳಿದಳು. ಅಲ್ಲಿಯವರೆಗೆ ಪರ್ಸನ್ನು ಎದೆಗೆ ಒತ್ತಿಕೊಂಡು ಕುಳಿತಿದ್ದ ಆಕೆ ಜೋರಾಗಿ ನಕ್ಕರು. ಪರ್ಸು ಟೇಬಲ್ ಮೇಲೆ ಬಂತು. ಆಮೇಲೆ ಕೆಲಸ ಸಲೀಸಾಯಿತು.

ಅದು 2016. ನಾನು ಎಚ್-4 ವೀಸಾದ ಮೇಲೆ, ಅಂದರೆ ಇಲ್ಲಿ ಕೆಲಸಕ್ಕೆ ಬಂದವರ ಕುಟುಂಬದವರಿಗೆ ಕೊಡುವ ವೀಸಾದ ಮೇಲೆ ಬಂದವಳು, ಆಗಿನ್ನೂ ಕೆಲಸ ಮಾಡುವ ಅನುಮತಿ ಇರಲಿಲ್ಲ. ಮನೆಯಲ್ಲಿ ಸುಮ್ನೆ ಕೂರಲಾಗದೆ ಲೈಬ್ರರಿಯಲ್ಲಿ ಸ್ವಯಂಸೇವಕಿಯಾಗಿ ಸೇರಿಕೊಂಡೆ. 101 ಹೆದ್ದಾರಿ ದಾಟಿದರೆ ಈಸ್ಟ್ ಸ್ಯಾನ್ ಹೋಸೆ. ಕೃಷಿ ಕಾರ್ಮಿಕರ ನಾಯಕ ಸೀಸರ್ ಚಾವೆಜ್ ಸಂಘಟನೆಯ ಕೆಲಸ ಶುರು ಮಾಡಿದ್ದು ಇಲ್ಲಿನ ಒಂದು ಕೇರಿಯಲ್ಲೇ. ಆ ಕೇರಿಯ ಹೆಸರು ಸಾಲ್ ಸಿ ಪ್ವೆದೆಸ್. 'ಕೈಲಾದರೆ ಹೊರಗೆ ಹೋಗು, ನೋಡೋಣ' ಅಂತ ಅರ್ಥ. ಹೆದ್ದಾರಿಯ ಈಚೆ, ನಮ್ಮವರ ಮನೆಗಳಲ್ಲಿ, ಹತ್ತನೇ ಕ್ಲಾಸಿನಿಂದಲೇ ಮಕ್ಕಳಿಗೆ ದುಡ್ಡು ಕೊಟ್ಟು ಕಾಲೇಜ್ ಕೌನ್ಸೆಲರ್ ಇಟ್ಟಿರುತ್ತಾರೆ. ಆಚೆ ಬದಿಯಲ್ಲಿ ಸಾವಿರಾರು ಮಕ್ಕಳಿರುವ ಹೈಸ್ಕೂಲಿಗೆ ಬೆರಳೆಣಿಕೆಯ ಕೌನ್ಸೆಲರ್‌ಗಳು. ಊರು ಒಂದೇ.

ನನಗೆ ಗೊತ್ತಿದ್ದದ್ದು ಅರ್ಜಿ ತುಂಬುವುದು ಮಾತ್ರ. ನಾನು ಓದಿದ್ದೇ ಸ್ಕಾಲರ್‌ಶಿಪ್ಪಿನಲ್ಲಿ. ಜಾತಿ, ಆದಾಯ ಪ್ರಮಾಣ ಪತ್ರಕ್ಕೆ ನಾಡಕಚೇರಿಗೆ ಅಲೆದದ್ದು, ಜೆರಾಕ್ಸ್‌ಗೆ ಗೆಜೆಟೆಡ್ ಆಫೀಸರ್ ಸಹಿಗಾಗಿ ಬಾಗಿಲಲ್ಲಿ ಕಾದದ್ದು, ಎಲ್ಲಾ ನೆನಪಿದೆ. ನಮ್ಮಮ್ಮನಿಗೆ ಓದಲು ಬರುತ್ತಿರಲಿಲ್ಲ. ಆದರೆ ಆ ಪತ್ರಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಅಕ್ಕಿ ಡಬ್ಬದ ಹಿಂದೆ ಇಡುತ್ತಿದ್ದಳು.

ಇಲ್ಲಿ ಎಲ್ಲದಕ್ಕೂ ಮೂಲ ಫಾಫ್ಸಾ ಅನ್ನುವ ಅರ್ಜಿ. ಕೇಂದ್ರ ಸರ್ಕಾರದ್ದು, ಪುಕ್ಕಟೆ. ಇದನ್ನು ತುಂಬಿದರೆ ಪೆಲ್ ಗ್ರ್ಯಾಂಟ್ ಸಿಗಬಹುದು. ಅದು ವಾಪಸ್ ಕೊಡಬೇಕಿಲ್ಲದ ದುಡ್ಡು. 2024-25ರಲ್ಲಿ ವರ್ಷಕ್ಕೆ ಗರಿಷ್ಠ 7,395 ಡಾಲರ್ ಇತ್ತು. ಕ್ಯಾಲಿಫೋರ್ನಿಯಾದ ಕ್ಯಾಲ್ ಗ್ರ್ಯಾಂಟ್ ಬೇರೆ. ಅದಕ್ಕೆ ಮಾರ್ಚ್ 2 ಗಡುವು. ನಾನು ಮಕ್ಕಳಿಗೆ ಇನ್ನೇನು ಮರೆತರೂ ಈ ತಾರೀಕು ಮರೆಯಬೇಡಿ ಅನ್ನುತ್ತೇನೆ.

ಅರ್ಜಿಯಲ್ಲಿ ಕಷ್ಟ ಇರುವುದು ವಿದ್ಯಾರ್ಥಿಯ ಭಾಗದಲ್ಲಿ ಅಲ್ಲ, ಅಪ್ಪ ಅಮ್ಮನ ಭಾಗದಲ್ಲಿ. ಆ ಹುಡುಗಿ ಇಲ್ಲೇ ಹುಟ್ಟಿದವಳು, ಅಮೆರಿಕದ ಪ್ರಜೆ. ಅಮ್ಮನಿಗೆ ಈ ದೇಶದಲ್ಲಿ ಇರಲು ಕಾಗದಪತ್ರ ಇಲ್ಲ. ಆದರೂ ವರ್ಷಾ ವರ್ಷಾ ಟ್ಯಾಕ್ಸ್ ಕಟ್ಟುತ್ತಾರೆ. ಅದಕ್ಕಾಗಿ ಐಟಿನ್ ಅನ್ನುವ ಬೇರೆ ನಂಬರ್ ಇದೆ. ಎಷ್ಟೋ ಜನ ಅದನ್ನೇ ಸೋಷಿಯಲ್ ಸೆಕ್ಯೂರಿಟಿ ಕಾಲಂನಲ್ಲಿ ಹಾಕಿ ಅರ್ಜಿ ಕೆಡಿಸಿಕೊಳ್ಳುತ್ತಿದ್ದರು. ಅಲ್ಲಿ ಹಾಕಬೇಕಿದ್ದದ್ದು ಒಂಬತ್ತು ಸೊನ್ನೆ. ಆಮೇಲೆ ಸಹಿಯ ಪುಟವನ್ನು ಪ್ರಿಂಟ್ ತೆಗೆದು, ಅಮ್ಮನಿಂದ ಸಹಿ ಹಾಕಿಸಿ, ಅಂಚೆಯಲ್ಲಿ ಕಳಿಸಬೇಕಿತ್ತು. ಕಂಪ್ಯೂಟರಿನ ರಾಜಧಾನಿಯಲ್ಲಿ ಕೂತು ಅಂಚೆ ಚೀಟಿ ಅಂಟಿಸುತ್ತಿದ್ದೆವು!

ಒಂಬತ್ತು ಸೊನ್ನೆ ಹಾಕುವ ಮುಂಚೆ ಆಕೆ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. 'ಮಾಯೆಸ್ತ್ರಾ, ಇದು ಲಾ ಮಿಗ್ರಾದವರ ಕೈಗೆ ಹೋಗುತ್ತಾ?' ಲಾ ಮಿಗ್ರಾ ಅಂದರೆ ವಲಸೆ ಪೊಲೀಸರು. ಮಾಯೆಸ್ತ್ರಾ ಅಂದರೆ ಮೇಷ್ಟ್ರು, ಟೀಚರಮ್ಮ. ನಾನು ಟೀಚರ್ ಅಲ್ಲ ಅಂತ ಎಷ್ಟು ಸಲ ಹೇಳಿದರೂ ಆಕೆ ಬಿಡಲಿಲ್ಲ. ಆ ದಿನ ನಾನು 'ಏನೂ ಆಗಲ್ಲ, ಧೈರ್ಯವಾಗಿರಿ' ಅಂದುಬಿಟ್ಟೆ. ಹಾಗೆ ಹೇಳಬಾರದಿತ್ತು. ಅದು ನಾನು ಕೊಡಬಹುದಾದ ಮಾತಲ್ಲ. ಈಗ ನನ್ನ ಉತ್ತರ ಬೇರೆ. ನನಗೆ ಗ್ಯಾರಂಟಿ ಕೊಡಲು ಆಗುವುದಿಲ್ಲ, ಉಚಿತವಾಗಿ ಸಲಹೆ ಕೊಡುವ ವಲಸೆ ವಕೀಲರನ್ನು ಕೇಳಿ, ಮನೆಯಲ್ಲಿ ಕೂತು ಮಾತಾಡಿ, ಆಮೇಲೆ ಬನ್ನಿ ಅನ್ನುತ್ತೇನೆ. ಕೆಲವರು ವಾಪಸ್ ಬರುವುದಿಲ್ಲ. ಅವರ ಮೇಲೆ ನನಗೆ ಬೇಸರವಿಲ್ಲ.

ಮಕ್ಕಳಿಗೇ ಕಾಗದಪತ್ರ ಇಲ್ಲದಿದ್ದರೆ ಫಾಫ್ಸಾ ತುಂಬುವ ಹಾಗಿಲ್ಲ. ಅವರಿಗೆ ಕ್ಯಾಲಿಫೋರ್ನಿಯಾ ಡ್ರೀಮ್ ಆ್ಯಕ್ಟ್ ಅರ್ಜಿ ಇದೆ. ಈ ರಾಜ್ಯದ ಹೈಸ್ಕೂಲಿನಲ್ಲಿ ಮೂರು ವರ್ಷ ಓದಿ ಪಾಸಾದವರಿಗೆ ರಾಜ್ಯದ ನಿವಾಸಿಗಳ ಫೀಸನ್ನೇ ಹಾಕಬೇಕು ಅಂತ 2001ರಲ್ಲಿ ಕಾನೂನು ಬಂತು. ಸ್ಕಾಲರ್‌ಶಿಪ್ ಬಾಗಿಲು ತೆರೆದದ್ದು 2011ರ ಕಾನೂನಿನಿಂದ. ಇದು ಗೊತ್ತಿಲ್ಲದೆ 'ನಮ್ಮ ಹುಡುಗನಿಗೆ ಕಾಲೇಜು ಇಲ್ಲ' ಅಂತ ತೀರ್ಮಾನ ಮಾಡಿಕೊಂಡ ಮನೆಗಳನ್ನು ನಾನೇ ಕಂಡಿದ್ದೇನೆ.

ಒಂದು ವರ್ಷವಂತೂ ಸಾಕಾಗಿ ಹೋಯಿತು. ಹೊಸ ರೂಪದ ಫಾಫ್ಸಾ ಅಕ್ಟೋಬರಿನ ಬದಲು 2023ರ ಡಿಸೆಂಬರ್ ಕೊನೆಗೆ ಬಂತು. ಸೊನ್ನೆಯೂ ಬೇಡ, ಅಂಚೆಯೂ ಬೇಡ, ಸೋಷಿಯಲ್ ಸೆಕ್ಯೂರಿಟಿ ನಂಬರ್ ಇಲ್ಲದವರೂ ಖಾತೆ ತೆರೆಯಬಹುದು ಅಂದರು. ಖಾತೆಯೇನೋ ತೆರೆಯಿತು, ಅರ್ಜಿಯ ಒಳಗೆ ಮಾತ್ರ ಬಿಡಲಿಲ್ಲ. ಶನಿವಾರ ಶನಿವಾರ ಅದೇ ಅಪ್ಪ ಅಮ್ಮಂದಿರು ಬಂದು ಕೂರುತ್ತಿದ್ದರು. ನಾನು ಅದೇ ಪುಟ ತೆರೆದು ಅದೇ ತಪ್ಪು ಸಂದೇಶ ತೋರಿಸುತ್ತಿದ್ದೆ. ರಾಜ್ಯದವರು ಗಡುವನ್ನು ಮೇ 2ರವರೆಗೆ ಮುಂದೆ ಹಾಕಿದ್ದರಿಂದ ಬದುಕಿಕೊಂಡೆವು.

ಆದರೆ ಅರ್ಜಿಯ ಹೊತ್ತಿಗೆ ಎಷ್ಟೋ ವಿಷಯ ಆಗಲೇ ನಿರ್ಧಾರವಾಗಿ ಹೋಗಿರುತ್ತದೆ. ಇದು ನನಗೆ ತಡವಾಗಿ ತಿಳಿಯಿತು. ಇಲ್ಲಿನ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಮತ್ತು ಕ್ಯಾಲ್ ಸ್ಟೇಟ್ ಎಂಬ ರಾಜ್ಯದ ವಿಶ್ವವಿದ್ಯಾಲಯಗಳಿಗೆ ಸೇರಲು ಎ-ಜಿ ಅನ್ನುವ 15 ಕೋರ್ಸುಗಳ ಪಟ್ಟಿ ಇದೆ. ಒಂದೊಂದೂ ಒಂದು ವರ್ಷದ್ದು. ಎಲ್ಲದರಲ್ಲೂ ಕನಿಷ್ಠ ಸಿ ಗ್ರೇಡ್ ಬೇಕು. ಡಿ ಬಂದರೆ ಹೈಸ್ಕೂಲ್ ಪಾಸು, ಆದರೆ ಎ-ಜಿ ಲೆಕ್ಕಕ್ಕೆ ಇಲ್ಲ. ಒಬ್ಬ ಹುಡುಗ ಬಂದ. ಮಾತಲ್ಲಿ ಚುರುಕು, ಸಂಜೆ ಟಾಕೋ ಅಂಗಡಿಯಲ್ಲಿ ಕೆಲಸ. ಅಲ್ಜೀಬ್ರಾ-2ರಲ್ಲಿ ಡಿ. 'ಪಾಸಾಗಿದೀನಲ್ಲ ಮಿಸ್' ಅಂದ. ಅವನಿಗೆ ಯಾರೂ ಹೇಳಿರಲಿಲ್ಲ. ಸಮ್ಮರ್ ಸ್ಕೂಲಿನಲ್ಲಿ ಸರಿ ಮಾಡಿಕೊಳ್ಳಬಹುದಿತ್ತು, ಆದರೆ ಅವನು ಬಂದದ್ದು ಹನ್ನೆರಡನೆಯ ಕ್ಲಾಸಿನ ಫೆಬ್ರವರಿಯಲ್ಲಿ. ಎರಡು ವರ್ಷದ ಸ್ಥಳೀಯ ಕಾಲೇಜು, ಅಂದರೆ ಕಮ್ಯುನಿಟಿ ಕಾಲೇಜಿಗೆ ಸೇರಿಸಿದೆವು. ಅಲ್ಲಿ ಪ್ವೆಂತೆ ಅನ್ನುವ ಕಾರ್ಯಕ್ರಮ ಇತ್ತು. ಪ್ವೆಂತೆ ಅಂದರೆ ಸೇತುವೆ. 1981ರಲ್ಲಿ ಹೇವರ್ಡ್‌ನ ಶಾಬೋ ಕಾಲೇಜಿನಲ್ಲಿ ಶುರುವಾದದ್ದು. ಒಂದೇ ಗುಂಪಿನ ಮಕ್ಕಳಿಗೆ ಇಂಗ್ಲಿಷ್ ಕ್ಲಾಸು, ಒಬ್ಬರೇ ಕೌನ್ಸೆಲರ್, ಜೊತೆಗೆ ಅದೇ ಸಮುದಾಯದಿಂದ ಬಂದು ಕೆಲಸದಲ್ಲಿರುವ ಒಬ್ಬ ಮಾರ್ಗದರ್ಶಿ. ಅಲ್ಲಿಂದ ಎರಡು ವರ್ಷದ ಮೇಲೆ ಯುಸಿಗೆ ವರ್ಗಾವಣೆ ಪಡೆದ. ನಮ್ಮ ಕಡೆಯವರು ಕಮ್ಯುನಿಟಿ ಕಾಲೇಜು ಅಂದರೆ ಮೂಗು ಮುರಿಯುತ್ತಾರೆ. ಮುರಿಯಲಿ ಬಿಡಿ.

ಪ್ರಬಂಧದ ವಿಷಯ ಇನ್ನೂ ಮಜಾ. ಯುಸಿಯವರು ಎಂಟು ಪ್ರಶ್ನೆ ಕೊಟ್ಟು ನಾಲ್ಕಕ್ಕೆ ಉತ್ತರ ಕೇಳುತ್ತಾರೆ, ಒಂದೊಂದಕ್ಕೆ 350 ಪದ. ನನ್ನ ಮೊದಲ ಹುಡುಗಿ 'ನಾವು ಬಡವರು, ನನಗೆ ಓದುವ ಆಸೆ' ಅಂತ ಬರೆದು ತಂದಿದ್ದಳು. ಚಟುವಟಿಕೆಗಳ ಕಾಲಂ ಪೂರಾ ಖಾಲಿ. ಶಾಲೆ ಬಿಟ್ಟ ಮೇಲೆ ಏನು ಮಾಡ್ತೀಯ ಅಂತ ಕೇಳಿದೆ. ಏನಿಲ್ಲ ಅಂದಳು. ಏನಿಲ್ಲ ಅಂದರೆ? ತಮ್ಮಂದಿರನ್ನು ಶಾಲೆಯಿಂದ ಕರೆತರುವುದು, ಅಡುಗೆ, ಅಮ್ಮನ ಜೊತೆ ಡಾಕ್ಟರ ಹತ್ತಿರ ಹೋಗಿ ಮಾತು ಅನುವಾದ ಮಾಡುವುದು. ಒಂಬತ್ತನೇ ವಯಸ್ಸಿನಿಂದ. ಒಂದು ಸಲ ಅಮ್ಮನ ಹೊಟ್ಟೆಯಲ್ಲಿ ಗಡ್ಡೆ ಇದೆ ಅನ್ನುವುದನ್ನು ಸ್ಪ್ಯಾನಿಷ್‌ನಲ್ಲಿ ಹೇಳಬೇಕಾಗಿ ಬಂದದ್ದು ಅವಳಿಗೇ. ಅದಕ್ಕೆ ಸ್ಪ್ಯಾನಿಷ್ ಪದ ಗೊತ್ತಿರಲಿಲ್ಲವಂತೆ. ಮುಷ್ಟಿ ಕಟ್ಟಿ ತೋರಿಸಿದಳಂತೆ. ಇದನ್ನು ಯಾಕೆ ಬರೆದಿಲ್ಲ ಅಂದೆ. 'ಅದು ಮನೆ ಕೆಲಸ ಅಲ್ವಾ ಮಿಸ್' ಅಂದಳು. ನಮ್ಮ ಹಳ್ಳಿಯ ಹುಡುಗಿಯರೂ ಇದನ್ನೇ ಹೇಳುತ್ತಿದ್ದರು, ಇದೇ ದನಿಯಲ್ಲಿ. ಆ ಮುಷ್ಟಿಯಿಂದಲೇ ಪ್ರಬಂಧ ಶುರುವಾಯಿತು. ತಮ್ಮಂದಿರ ಕೆಲಸ ಚಟುವಟಿಕೆಗಳ ಕಾಲಂಗೆ ಹೋಯಿತು, ವಾರಕ್ಕೆ ಎಷ್ಟು ಗಂಟೆ ಅಂತ ಲೆಕ್ಕ ಹಾಕಿ.

ಸ್ಕಾಲರ್‌ಶಿಪ್ಪುಗಳಲ್ಲಿ ಎಲ್ಲರ ಬಾಯಲ್ಲಿ ಮೊದಲು ಬರುವುದು ಹಿಸ್ಪ್ಯಾನಿಕ್ ಸ್ಕಾಲರ್‌ಶಿಪ್ ಫಂಡ್, 1975ರಿಂದ ಇದೆ. ಅರ್ಜಿ ಜನವರಿಯಲ್ಲಿ ತೆರೆದು ಫೆಬ್ರವರಿ ಮಧ್ಯಕ್ಕೆ ಮುಚ್ಚುತ್ತಿತ್ತು. ಮಾಲ್ಡೆಫ್ ಅನ್ನುವ ಕಾನೂನು ಸಂಸ್ಥೆಯ ಸ್ಕಾಲರ್‌ಶಿಪ್ ಪಟ್ಟಿಯನ್ನೂ ನಾನು ತುಂಬಾ ಬಳಸಿದ್ದೇನೆ. ವಲಸೆಯ ಸ್ಥಿತಿ ಕೇಳದವು ಅದರಲ್ಲಿ ಸಿಗುತ್ತವೆ. ದೊಡ್ಡವಕ್ಕೆ ದೇಶಪೂರ್ತಿ ಪೈಪೋಟಿ. ನಮ್ಮ ಮಕ್ಕಳಿಗೆ ಜಾಸ್ತಿ ಸಿಕ್ಕಿದ್ದು ಊರಿನ ಸಣ್ಣ ದುಡ್ಡು. ಅಪ್ಪನ ಯೂನಿಯನ್ನು, ಚರ್ಚು, ಕ್ರೆಡಿಟ್ ಯೂನಿಯನ್, ಐನೂರು, ಸಾವಿರ ಡಾಲರ್. ಅರ್ಜಿ ಹಾಕುವವರೇ ಕಡಿಮೆ.

ಇನ್ನು ನಾನು ಮಾಡಿದ ದೊಡ್ಡ ತಪ್ಪಿನ ಕತೆ. ಅದೇ ಹುಡುಗಿಗೆ ದೂರದ ಒಂದು ಖಾಸಗಿ ಕಾಲೇಜಿನಿಂದ ಸೀಟು ಬಂತು, ಜೊತೆಗೆ ನೆರವಿನ ಪತ್ರ. ಕೊನೆಯ ಸಾಲಿನಲ್ಲಿ ದೊಡ್ಡ ಮೊತ್ತ. ನಾನು ಆ ಮೊತ್ತ ನೋಡಿ ಕುಣಿದಾಡಿದೆ. ಅವರಮ್ಮ ಬೇಕರಿಯಿಂದ ಸಿಹಿ ಬನ್ನು ತಂದು ಲೈಬ್ರರಿಯವರಿಗೆಲ್ಲ ಹಂಚಿದರು. ರಾತ್ರಿ ಮನೆಗೆ ಬಂದು ಪತ್ರವನ್ನು ಸಾಲು ಸಾಲಾಗಿ ಓದಿದರೆ ಅರ್ಧಕ್ಕಿಂತ ಜಾಸ್ತಿ ಸಾಲ. ಹುಡುಗಿಯ ಹೆಸರಿನಲ್ಲಿ 5,500 ಡಾಲರ್, ಮಿಕ್ಕಿದ್ದು ಪೇರೆಂಟ್ ಪ್ಲಸ್. ಅಂದರೆ ಅಪ್ಪ ಅಮ್ಮ ತೆಗೆದುಕೊಳ್ಳಬೇಕಾದ ಸಾಲ. ಕಾಗದಪತ್ರ ಇಲ್ಲದ ಅಮ್ಮನಿಗೆ ಆ ಸಾಲ ಸಿಗುವುದೇ ಇಲ್ಲ! ಸಾಲವನ್ನೂ ಗ್ರ್ಯಾಂಟನ್ನೂ ಒಂದೇ ಪಟ್ಟಿಯಲ್ಲಿ ಹಾಕಿ ಕೂಡಿದ್ದರು. ಆದರೆ ಸರಿಯಾಗಿ ಓದದೆ ಕುಣಿದವಳು ನಾನು. ಮಾರನೇ ದಿನ ಅವರಿಬ್ಬರ ಎದುರು ಕೂತು ಹೇಳುವುದು ಎಷ್ಟು ಕಷ್ಟವಾಯಿತು ಅಂದರೆ, ನನ್ನ ಇಂಗ್ಲಿಷೇ ತೊದಲಿತು. ಹುಡುಗಿ ಅಮ್ಮನಿಗೆ ಅನುವಾದ ಮಾಡಲೇ ಇಲ್ಲ. ಅಮ್ಮನಿಗೆ ಮುಖ ನೋಡಿಯೇ ಗೊತ್ತಾಯಿತು. 'ಮಿಹಾ', ಅಂದರೆ ಮಗಳೇ, ಅಂದು ಅವಳ ಬೆನ್ನ ಮೇಲೆ ಕೈ ಇಟ್ಟರು.

ಅವಳು ಊರಿನದೇ ಸ್ಯಾನ್ ಹೋಸೆ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಸೇರಿದಳು, ಮನೆಯಿಂದಲೇ ಬಸ್ಸಿನಲ್ಲಿ ಹೋಗಿ ಬಂದು. ಕ್ಯಾಲ್ ಗ್ರ್ಯಾಂಟ್ ಟ್ಯೂಷನ್ ಫೀಸಿಗೆ ಹೋಯಿತು, ಪೆಲ್ ಪುಸ್ತಕಕ್ಕೆ, ಓಡಾಟಕ್ಕೆ ಆಯಿತು. ಅವತ್ತಿನಿಂದ ನನ್ನ ಹತ್ತಿರ ಹಳದಿ, ಗುಲಾಬಿ ಎರಡು ಹೈಲೈಟರ್ ಇರುತ್ತವೆ. ವಾಪಸ್ ಕೊಡಬೇಕಿಲ್ಲದ ದುಡ್ಡಿಗೆ ಹಳದಿ, ಸಾಲಕ್ಕೆ ಗುಲಾಬಿ. ಬಣ್ಣ ಹಚ್ಚುವುದನ್ನು ಅಪ್ಪ ಅಮ್ಮನ ಕೈಯಲ್ಲೇ ಮಾಡಿಸುತ್ತೇನೆ.

ಸೀಟು ಸಿಕ್ಕ ಮೇಲೂ ಜೂನ್, ಜುಲೈನಲ್ಲಿ ಮಕ್ಕಳು ಸದ್ದಿಲ್ಲದೆ ಉದುರಿ ಹೋಗುತ್ತಾರೆ. ಲಸಿಕೆಯ ದಾಖಲೆ, ಓರಿಯೆಂಟೇಷನ್ ಫೀಸು, ಕೊನೆಯ ಟ್ರಾನ್ಸ್‌ಕ್ರಿಪ್ಟ್, ಎಲ್ಲವೂ ಯಾರೂ ತೆರೆಯದ ಈಮೇಲ್‌ಗಳಲ್ಲಿ ಇರುತ್ತವೆ. ಹಾಗಾಗಿ ಬೇಸಿಗೆಯಲ್ಲಿ ಹತ್ತು ದಿನಕ್ಕೊಮ್ಮೆ ಮೆಸೇಜ್ ಮಾಡಿ ಪೀಡಿಸುತ್ತೇನೆ.

ಕಳೆದ ಚಳಿಗಾಲ ಅದೇ ಅಮ್ಮ ಮತ್ತೆ ಬಂದರು, ಈ ಸಲ ದೊಡ್ಡ ಮಗನ ಜೊತೆ. ಕೂತವರೇ ಚೀಲದಿಂದ ಪ್ಲಾಸ್ಟಿಕ್ ಕವರ್ ತೆಗೆದರು. ಟ್ಯಾಕ್ಸ್ ಕಾಗದ, ಐಟಿನ್ ಪತ್ರ, ಸೋಷಿಯಲ್ ಸೆಕ್ಯೂರಿಟಿ ಕಾರ್ಡಿನ ಜೆರಾಕ್ಸು. ಮೇಲೆ ಮಗನ ಹೆಸರು, ಎರಡೂ ಸರ್‌ನೇಮ್ ಸೇರಿಸಿ ದೊಡ್ಡ ಅಕ್ಷರದಲ್ಲಿ. ಚೀಲದಲ್ಲಿ ಇನ್ನೊಂದು ಕವರ್ ಕಾಣಿಸಿತು. ಅದರಲ್ಲಿ ಎ-ಜಿ ಪಟ್ಟಿ ಒಂದೇ ಇತ್ತು. ಯಾರದ್ದು ಅಂದೆ. ಕಿರಿಯವನದ್ದಂತೆ. ಅವನಿನ್ನೂ ಎಂಟನೇ ಕ್ಲಾಸು.