ಕಿಟ್ ಕಾರಿಗೆ ಬ್ರಾಕೆಟ್ಟು, ಟೂಲು ಮನೇಲೇ ಮಾಡ್ಕೊಳ್ಳೋದು

ಕಿಟ್ ಕಾರಂದ್ರೆ ಬಿಡಿ ಭಾಗಗಳಾಗಿ ತಂದು ನಾವೇ ಜೋಡಿಸ್ಕೊಳ್ಳೋ ಕಾರು. ಲೋಟಸ್ ಸೆವೆನ್ (ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು) ಥರದ ಕಿಟ್ ತಗೊಂಡ್ರೆ ಚಾಸಿ ಬರತ್ತೆ, ಸಸ್ಪೆನ್ಷನ್ ಬರತ್ತೆ, ಆದ್ರೆ ಹಳೇ ಮಾಜ್ದಾ ಎಂಎಕ್ಸ್-5 ಕಾರಿಂದ ಬಿಚ್ಚಿಟ್ಕೊಂಡಿರೋ ಇಗ್ನಿಷನ್ ಕಾಯಿಲು, ಕೂಲೆಂಟ್ ಡಬ್ಬಿ, ಫ್ಯೂಸ್ ಬಾಕ್ಸು ಇವೆಲ್ಲ ಎಲ್ಲಿ ಕೂರಬೇಕು ಅನ್ನೋದು ಬಹಳಷ್ಟು ಸಲ ನಮ್ಮ ತಲೆನೋವೇ. ಅದಕ್ಕೆಲ್ಲ ಬ್ರಾಕೆಟ್ ನಾವೇ ಮಾಡ್ಕೋಬೇಕು. ಸೀಟ್ ಬೆಲ್ಟ್, ಸ್ಟೀರಿಂಗ್, ಸಸ್ಪೆನ್ಷನ್, ಬ್ರೇಕ್ ಪೆಡಲ್ ಮೌಂಟಿಗೆ ಮಾತ್ರ ಕೈ ಹಾಕ್ಬೇಡಿ, ಅದು ಕಿಟ್ ಜೊತೆ ಬಂದಿದ್ದೇ ಇರ್ಲಿ.

ತಗಡು ಮುಟ್ಟೋಕೆ ಮುಂಚೆ ರಟ್ಟಲ್ಲಿ ಮಾಡಿ. ಕಾರ್ನ್‌ಫ್ಲೇಕ್ಸ್ ಡಬ್ಬದ ರಟ್ಟು ಸಾಕು, ಕತ್ತರಿಸಿ, ಮಡಚಿ, ಟೇಪ್ ಹಾಕಿ ಜಾಗದಲ್ಲೇ ಅಂಟಿಸಿ, ಆಮೇಲೆ ಪಾರ್ಟ್ ಹಿಡಿದು ನೋಡಿ, ಬಾನೆಟ್ ಮುಚ್ಚತ್ತಾ, ಬೋಲ್ಟಿಗೆ ಸ್ಪ್ಯಾನರ್ ಹೋಗತ್ತಾ, ಹೋದ್ರೂ ತಿರುಗಿಸೋಕೆ ಜಾಗ ಇದ್ಯಾ, ಇಂಜಿನ್ ಇಳಿಸದೇ ಬಿಚ್ಚೋಕಾಗತ್ತಾ. ಗಟ್ಟಿ ಇದ್ಯಾ ಅಂತ ಎಲ್ರೂ ನೋಡ್ತಾರೆ, ಬಿಚ್ಚೋಕೆ ಬರತ್ತಾ ಅಂತ ಯಾರೂ ನೋಡಲ್ಲ. ಇನ್ನೊಂದು, ಇಂಜಿನ್ ರಬ್ಬರ್ ಮೌಂಟ್ ಮೇಲೆ ಅಲ್ಲಾಡ್ತಾ ಇರತ್ತೆ, ಚಾಸಿ ಅಲ್ಲಾಡಲ್ಲ, ಹಾಗಾಗಿ ಒಂದೇ ಬ್ರಾಕೆಟ್ಟನ್ನ ಎರಡಕ್ಕೂ ಬಿಗಿದ್ರೆ ಇವತ್ತಲ್ಲ ನಾಳೆ ಬಿರುಕು ಬಿಡತ್ತೆ. ರೇಡಿಯೇಟರನ್ನೂ ನೇರ ಚಾಸಿಗೆ ಬಿಗೀಬೇಡಿ, ಮಧ್ಯೆ ರಬ್ಬರ್ ಇರ್ಲಿ.

ಭಾರ ಹೊರೋದಕ್ಕೆ 3 ಮಿಮೀ ಮೈಲ್ಡ್ ಸ್ಟೀಲು, ಸಣ್ಣಪುಟ್ಟದಕ್ಕೆ 1.5 ಮಿಮೀ ಸಾಕು. ಅಲ್ಯೂಮಿನಿಯಂ ಬೇಕಂದ್ರೆ 5052 ಗ್ರೇಡ್ ತಗೊಳ್ಳಿ, ಚೆನ್ನಾಗಿ ಬಗ್ಗತ್ತೆ, 6061-ಟಿ6 ಗಟ್ಟಿ ಹೌದು ಆದ್ರೆ ಚೂಪಾಗಿ ಬಗ್ಗಿಸಿದ್ರೆ ಹೊರಗಡೆ ಸೀಳತ್ತೆ. ಗ್ಯಾಲ್ವನೈಜ್ ಆಗಿರೋ, ಅಂದ್ರೆ ಸತು ಬಳಿದಿರೋ ಪಟ್ಟಿಗೆ ಹಾಗೇ ವೆಲ್ಡಿಂಗ್ ಮಾಡ್ಬೇಡಿ, ಸತುವಿನ ಹೊಗೆ ಕುಡಿದ್ರೆ ಜ್ವರ ಬರತ್ತೆ.

ಎಲ್ರಿಗೂ ಅಳತೆ ಕೈಕೊಡೋದು ಬಗ್ಗಿಸೋ ಜಾಗದಲ್ಲಿ. 3 ಮಿಮೀ ತಗಡಲ್ಲಿ ಹೊರಗಿನ ಅಳತೆ 40ಕ್ಕೆ 40 ಬರೋ ಎಲ್ ಬೇಕು ಅಂದ್ರೆ ಕತ್ತರಿಸಬೇಕಾಗಿರೋದು 80 ಅಲ್ಲ, ಸುಮಾರು 75, ಯಾಕಂದ್ರೆ ಬಗ್ಗೋವಾಗ ತಗಡು ಮೂಲೆ ಸುತ್ತಿ ಬರತ್ತೆ, ಚೌಕಾಗಿ ತಿರುಗಲ್ಲ. ಒಳಗಿನ ರೇಡಿಯಸ್ ಕಡಿಮೆ ಅಂದ್ರೂ ತಗಡಿನ ದಪ್ಪದಷ್ಟಿರ್ಲಿ. ವೈಸಿನ ದವಡೆಗೆ ಆಂಗಲ್ ತುಂಡು ಹಾಕಿ, ಅದರ ಅಂಚನ್ನ ಅರದಲ್ಲಿ ಉಜ್ಜಿ ದುಂಡಗೆ ಮಾಡಿ, ಮರದ ತುಂಡಿಟ್ಟು ಸುತ್ತಿಗೇಲಿ ಹೊಡೀರಿ.

ತೂತು ಆದಷ್ಟೂ ಬಗ್ಗಿಸೋಕೆ ಮುಂಚೆನೇ ಹಾಕಿ, ಸೆಂಟರ್ ಪಂಚ್ ಹೊಡೆದು ಮೊದಲು 3 ಮಿಮೀ ಬಿಟ್, ಆಮೇಲೆ ಬೇಕಾದ ಸೈಜು. ಎಂ8 (8 ಮಿಮೀ ದಪ್ಪದ) ಬೋಲ್ಟಿಗೆ 8.5 ಮಿಮೀ ತೂತು, ಎಂ6ಕ್ಕೆ 6.5. ತೂತಿನ ಮಧ್ಯದಿಂದ ಅಂಚಿಗೆ ಬೋಲ್ಟಿನ ದಪ್ಪದ ಎರಡರಷ್ಟು ದೂರ ಬಿಡಿ. ಒಂದು ಕಡೆ ತೂತನ್ನ ಉದ್ದ ಮಾಡಿ, ಪಕ್ಕಪಕ್ಕ ಎರಡು ಹಾಕಿ ಅರದಲ್ಲಿ ಸೇರಿಸಿದ್ರಾಯ್ತು, ಕೂರಿಸೋವಾಗ ಆಚೆ ಈಚೆ ಮಾಡೋಕೆ ಇದೇ ಉಳಿಸೋದು. ಅಂಚೆಲ್ಲ ಉಜ್ಜಿ ನುಣ್ಣಗೆ ಮಾಡಿ. ಇಂಗ್ಲೆಂಡಲ್ಲಿ ರೋಡಿಗಿಳಿಸೋಕೆ ಐವಿಎ ಅಂತ ಒಂದೊಂದೇ ಗಾಡಿ ತಪಾಸಣೆ ಮಾಡೋ ಟೆಸ್ಟ್ ಇದೆ, ಅಲ್ಲಿ ಹೊರಗೆ ಚೂಪಾಗಿ ಚಾಚ್ಕೊಂಡಿರೋದಿದ್ರೆ ಫೇಲ್ ಮಾಡ್ತಾರೆ, ಕೈಗೆ ಸಿಗೋ ಅಂಚಿಗೆ 2.5 ಮಿಮೀ ರೇಡಿಯಸ್ ಕೇಳ್ತಾರೆ.

ಟೂಲ್ ವಿಷ್ಯಕ್ಕೆ ಬಂದ್ರೆ, ಇಕ್ಕಟ್ಟಲ್ಲಿ ಹೋಗದ ಸ್ಪ್ಯಾನರಿಗೆ ಅಗ್ಗದ್ದೊಂದು ತಂದು ಗ್ರೈಂಡರಲ್ಲಿ ತೆಳ್ಳಗೆ ಮಾಡಿ ಅಥವಾ ಕಾಯಿಸಿ ಬಗ್ಗಿಸಿ, ಆದ್ರೆ ಕಾಯಿಸಿದ್ದು ಮೆತ್ತಗಾಗತ್ತೆ, ಜಾಸ್ತಿ ಟಾರ್ಕ್ ಬೇಕಾದ ಕಡೆ ಬಳಸ್ಬೇಡಿ. ಬುಷ್ (ಸಸ್ಪೆನ್ಷನ್ ಕೀಲಲ್ಲಿ ಕೂರೋ ಕೊಳವೆ ಥರದ ತುಂಡು) ಒಳಗೆ ತೂರಿಸೋಕೆ ಎಂ12 ಥ್ರೆಡ್ ರಾಡು, ದಪ್ಪ ವಾಷರು, ಎರಡು ನಟ್ಟು, ಒಂದು ದೊಡ್ಡ ಸಾಕೆಟ್ ಇದ್ರೆ ಪ್ರೆಸ್ಸೇ ಬೇಡ. ರಿವ್ನಟ್ಟಿಗೂ (ಹಿಂದುಗಡೆ ಕೈ ಹೋಗದ ತಗಡಿನ ತೂತಲ್ಲಿ ಕೂರಿಸೋ, ಥ್ರೆಡ್ ಇರೋ ರಿವೆಟ್) ಹಾಗೇ: ಉದ್ದದ 8.8 ಗ್ರೇಡಿನ ಗಟ್ಟಿ ಬೋಲ್ಟಿಗೆ ನಟ್ಟು ಹಾಕಿ, ಗ್ರೀಸ್ ಹಚ್ಚಿದ ವಾಷರ್ ತೂರಿಸಿ, ತುದಿಗೆ ರಿವ್ನಟ್ ತಿರುಗಿಸಿ ತೂತಿಗೆ ಕೂರಿಸಿ, ಬೋಲ್ಟಿನ ತಲೆಯನ್ನ ಒಂದು ಸ್ಪ್ಯಾನರಲ್ಲಿ ಹಿಡ್ಕೊಂಡು ಇನ್ನೊಂದರಲ್ಲಿ ನಟ್ ಬಿಗೀತಾ ಬನ್ನಿ, ರಿವ್ನಟ್ ಹಿಂದೆ ಉಬ್ಬಿ ಕಚ್ಕೊಳತ್ತೆ. ಮೊದಲು ವೇಸ್ಟ್ ತಗಡಲ್ಲಿ ಒಂದೆರಡು ಹಾಕಿ ಕೈ ಪಳಗಿಸ್ಕೊಳ್ಳಿ, ಅಲ್ಯೂಮಿನಿಯಂದಾದ್ರೆ ಬಿಗಿ ಸಿಕ್ಕ ತಕ್ಷಣ ನಿಲ್ಲಿಸಿ, ಇಲ್ಲಾಂದ್ರೆ ಥ್ರೆಡ್ಡೇ ಕಿತ್ಕೊಂಡು ಬರತ್ತೆ.