ಎಕ್ಸ್‌ರೇ ಆಮೇಲೆ, ಮೊದಲು ಕುರ್ಚಿ

ಮಂಡಿ ನೋವೆಂದು ನನ್ನ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಬರುವವರು ಕೂರುವ ಮೊದಲೇ ಎಕ್ಸ್‌ರೇ ಕವರ್ ಚಾಚುತ್ತಾರೆ. "ಮಂಡಿ ಮೂಳೆಗಳ ನಡುವಿನ ಗ್ಯಾಪ್ ಪೂರ್ತಿ ಹೋಗಿದೆಯಂತೆ ಮೇಡಂ, ಮೆಟ್ಟಿಲು ಹತ್ತಲೇಬೇಡಿ ಅಂದಿದ್ದಾರೆ." ಕವರನ್ನು ಪಕ್ಕಕ್ಕಿಟ್ಟು, ಹಿಡಿಕೆಯಿಲ್ಲದ ಕುರ್ಚಿಯಲ್ಲಿ ಕೂರಿಸಿ, ಕೈ ಎದೆಗೆ ಕಟ್ಟಿಸಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರುತ್ತಾರೆಂದು ಎಣಿಸುತ್ತೇನೆ. ಏಳುವಾಗ ಮೈ ಯಾವ ಕಾಲಿನತ್ತ ವಾಲುತ್ತದೆ, ಕೂರುವಾಗ ಕೊನೆಯ ಮೂರ್ನಾಲ್ಕು ಇಂಚು ಧೊಪ್ಪನೆ ಬೀಳುತ್ತಾರಾ ಎಂದು ನೋಡುತ್ತೇನೆ. ಧೊಪ್ಪನೆ ಬಿದ್ದರೆ ತೊಡೆಯ ಸ್ನಾಯು ಸೋತಿರುವ ಅನುಮಾನ ನನಗೆ.

ಎಕ್ಸ್‌ರೇ ಬೇಡವೆಂದಲ್ಲ. ಕೀಲು ಎಷ್ಟು ಸವೆದಿದೆ ಎಂದು ಎಕ್ಸ್‌ರೇ ನೋಡಿ ಹೇಳಲು 1957ರಲ್ಲಿ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬ ವೈದ್ಯರು ಕೊಟ್ಟ 0ಯಿಂದ 4ರ ಗ್ರೇಡನ್ನೇ ಇವತ್ತಿಗೂ ಬಳಸುತ್ತೇವೆ. ಆದರೆ ಗ್ರೇಡಿಗೂ ನೋವಿಗೂ ಎಷ್ಟೋ ಸಲ ತಾಳೆಯೇ ಆಗುವುದಿಲ್ಲ. ಕೀಲಿನಲ್ಲಿ ಮೂಳೆಯ ತುದಿಗೆ ಹೊದಿಕೆಯಂತಿರುವ ಕಾರ್ಟಿಲೇಜಿಗೆ ನರವೂ ಇಲ್ಲ, ರಕ್ತನಾಳವೂ ಇಲ್ಲ. ಕೀಲಿನ ದ್ರವವೇ ಅದರ ಊಟ. ಭಾರ ಬಿದ್ದು ಬಿಟ್ಟಾಗ ಆ ದ್ರವ ಒಳಗೂ ಹೊರಗೂ ಓಡಾಡುತ್ತದೆ. "ನಡೆಯಲೇಬೇಡಿ" ಅಂದವರ ಮೇಲೆ ನನಗೆ ಸಿಟ್ಟು ಬರುವುದು ಅದಕ್ಕೇ.

ಕುರ್ಚಿಯ ಮೇಲೆ ಎರಡು ದಿಂಬಿಟ್ಟು ಎದ್ದು ಕೂರುವುದನ್ನು ಶುರು ಮಾಡಿಸುತ್ತೇನೆ. ಬಲ ಬಂದಂತೆ ಒಂದು ದಿಂಬು, ಆಮೇಲೆ ಇನ್ನೊಂದು ತೆಗೆಯುವುದು. "ನೋಯುತ್ತಲ್ಲ ಮೇಡಂ?" ಅಂತ ಎಲ್ಲರೂ ಕೇಳುತ್ತಾರೆ. 10ಕ್ಕೆ 5ರವರೆಗೆ ನೋಯಲಿ, ಮಾರನೇ ದಿನಕ್ಕೆ ಮೊದಲಿನಂತಾದರೆ ಸಾಕು. ಆಗಲಿಲ್ಲವೆಂದರೆ ಸಲ ಕಡಿಮೆ ಮಾಡಿಸುತ್ತೇನೆ, ನಿಲ್ಲಿಸುವುದಿಲ್ಲ. ತೂಕ ಹೆಚ್ಚಿದ್ದವರಿಗೆ ಒಂದೇ ಲೆಕ್ಕ ಹೇಳುತ್ತೇನೆ: 1 ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು 4 ಕಿಲೋ ಇಳಿಯುತ್ತದೆ. ಮಂಡಿ ನೋವಿಗೆಂದು ತೆಗೆದುಕೊಳ್ಳುವ ಗ್ಲುಕೋಸಮೈನ್ ಮಾತ್ರೆಯ ಬಗ್ಗೆ ಕೇಳಿದರೆ, 2006ರಲ್ಲಿ ಅಮೆರಿಕದಲ್ಲಿ 1,583 ಜನರ ಮೇಲೆ ನಡೆದ ಪ್ರಯೋಗದಲ್ಲಿ ಒಟ್ಟಾರೆ ಅದು ಔಷಧವೇ ಇಲ್ಲದ ಹುಸಿ ಮಾತ್ರೆಗಿಂತ ಮೇಲೆಂದು ಸಾಬೀತಾಗಲಿಲ್ಲ ಅನ್ನುತ್ತೇನೆ. ಕೆಲವರಿಗೆ ಬೇಜಾರಾಗುತ್ತದೆ.

ರಾತ್ರಿ ನಿದ್ದೆ ಕೆಡಿಸುವ ನೋವಿದ್ದು ಕಾಲೂ ಬಿಲ್ಲಾಗಿ ಬಾಗಿದ್ದರೆ ಮೂಳೆ ಡಾಕ್ಟರ ಹತ್ತಿರವೇ ಕಳಿಸುತ್ತೇನೆ.

ನನಗೆ ಹೆಚ್ಚು ಚಿಂತೆ ಕಬಡ್ಡಿ ಹುಡುಗರದ್ದು. ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಎಸಿಎಲ್ ಎಂಬ ಕಟ್ಟು ಹರಿದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ 10–20 ವರ್ಷದೊಳಗೆ ಮಂಡಿ ಸವೆತದ ಸಂಧಿವಾತ ಕಾಣಿಸಿಕೊಳ್ಳುತ್ತದೆ, ಆಪರೇಷನ್ ಆದವರೂ ಅದಕ್ಕೆ ಹೊರತಲ್ಲ. ಮತ್ತೆ ಪೆಟ್ಟಾದರಂತೂ ಕಷ್ಟ. ಹಾಗಾಗಿ ಆಪರೇಷನ್ ಆಗಿ 9 ತಿಂಗಳು ತುಂಬದೆ, ಆ ಕಾಲಿನ ಬಲ ಇನ್ನೊಂದರ 90 ಶೇಕಡಾ ಮುಟ್ಟದೆ ಮ್ಯಾಟ್ ಹತ್ತಿಸುವುದಿಲ್ಲ. ಟೂರ್ನಮೆಂಟ್ ಇದೆ ಅಂತ ಕೋಚ್ ಫೋನ್ ಮಾಡಿದರೂ ಅಷ್ಟೇ.